ಗೇಣಿ ಹಗುರ, ಪಹಣಿ ಯಾರ ಹೆಸರಿನಲ್ಲಿದೆ?

ನಮ್ಮ ಕಾರ್ಯಾಲಯಕ್ಕೆ ಬಂದು ಹೋಗುವ ತರುಣ ಬರಹಗಾರರ ಬಾಯಲ್ಲಿ ಈಚೆಗೆ ಒಂದೇ ಪ್ರಶ್ನೆ ಕೇಳಿಬರುತ್ತಿದೆ. ದೊಡ್ಡ ಪತ್ರಿಕೆಗಳಲ್ಲಿ ಅಂಕಣಕ್ಕೆ ಜಾಗವಿಲ್ಲ, ಜಾಗವಿದ್ದಲ್ಲಿ ಸಂಭಾವನೆಯಿಲ್ಲ, ಸಂಭಾವನೆಯಿದ್ದಲ್ಲಿ ಜಾಹೀರಾತುದಾರನ ಮುಖ ನೋಡಿ ಬರೆಯಬೇಕು. ಆದ್ದರಿಂದ ಸಬ್‌ಸ್ಟ್ಯಾಕ್ ಮುಂತಾದ ಕಂಪನಿಗಳ ಮೂಲಕ ನಾವೇ ಓದುಗನ ಇಮೇಲ್ ಪೆಟ್ಟಿಗೆಗೆ ನೇರವಾಗಿ ಬರಹ ಕಳುಹಿಸಿ, ಅವನಿಂದಲೇ ಚಂದಾ ಪಡೆದು ಬದುಕಬಹುದೇ? ಬದುಕಬಹುದಾದರೆ ಚಂದಾದಾರರು ಹತ್ತರಿಂದ ನೂರಾಗುವ, ನೂರರಿಂದ ಸಾವಿರವಾಗುವ ದಿನಕ್ಕೆ ಹೇಗೆ ಸಿದ್ಧರಾಗಬೇಕು?

ಈ ಪ್ರಶ್ನೆಯನ್ನು ನಕ್ಕು ತಳ್ಳಿಬಿಡುವ ಹಿರಿಯ ಸಂಗಾತಿಗಳು ನಮ್ಮಲ್ಲಿದ್ದಾರೆ. ಅಮೆರಿಕದ ಬಂಡವಾಳಗಾರನ ಅಂಗಡಿಯಲ್ಲಿ ಕುಳಿತು ಸ್ವಾತಂತ್ರ್ಯದ ಮಾತೇ ಎಂದು ಅವರು ಕೇಳುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನೂ ನೋಡಬೇಕು.

ಓದುಗನ ಚಂದಾದ ಮೇಲೆಯೇ ನಿಂತು ಬರೆಯುವುದು ಅಮೆರಿಕದವರು ಕಂಡುಹಿಡಿದ ವಿದ್ಯೆಯಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ 'ಇಂಡಿಯನ್ ಒಪಿನಿಯನ್' ನಡೆಸುತ್ತಿದ್ದಾಗ ಜಾಹೀರಾತುಗಳನ್ನು ಬಿಟ್ಟುಕೊಟ್ಟರು. 1920ರಲ್ಲಿ ಅಂಬೇಡ್ಕರರ 'ಮೂಕನಾಯಕ' ಹೊರಟಾಗ ಅದರ ಜಾಹೀರಾತನ್ನು ಹಣ ಕೊಟ್ಟರೂ ಹಾಕಲು 'ಕೇಸರಿ' ಒಪ್ಪಲಿಲ್ಲ. 1980ರಲ್ಲಿ ಆರಂಭವಾದ 'ಲಂಕೇಶ್ ಪತ್ರಿಕೆ' ಜಾಹೀರಾತಿಲ್ಲದೆ, ಓದುಗನು ಕೊಟ್ಟ ಕಾಸಿನ ಮೇಲೆಯೇ ನಡೆದು ಸರಕಾರಗಳ ನಿದ್ದೆ ಕೆಡಿಸಿತು. ನಮ್ಮ ಈ ಬಡ ವಾರಪತ್ರಿಕೆಯೂ ಅದೇ ಜಾತಿಗೆ ಸೇರಿದ್ದು. ಹೀಗಿರುವಾಗ ತರುಣನೊಬ್ಬ ಮುದ್ರಣಾಲಯದ ಸಾಲವಿಲ್ಲದೆ, ಕಾಗದದ ಬೆಲೆಯ ಚಿಂತೆಯಿಲ್ಲದೆ ಓದುಗನನ್ನು ಮುಟ್ಟುತ್ತೇನೆಂದರೆ ಅವನನ್ನು ಹಳಿಯುವ ಅಧಿಕಾರ ನಮಗಿಲ್ಲ. ಅವನು ಯಾವ ಹೊಲಕ್ಕೆ ಇಳಿಯುತ್ತಿದ್ದಾನೆ, ಅಲ್ಲಿನ ಗೇಣಿ ಎಷ್ಟು, ಅಳೆಯುವ ಕೊಳಗ ಯಾರದು, ಪಹಣಿ ಯಾರ ಹೆಸರಿನಲ್ಲಿದೆ ಎಂಬುದನ್ನು ತಿಳಿಸುವುದೇ ನಮ್ಮ ಕೆಲಸ.

ಮೊದಲು ಗೇಣಿಯ ಲೆಕ್ಕ. ಸಬ್‌ಸ್ಟ್ಯಾಕ್ ಕಂಪನಿ 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹುಟ್ಟಿತು. ಬರಹವನ್ನು ಉಚಿತವಾಗಿ ಹಂಚುವವನಿಂದ ಅದು ಏನನ್ನೂ ಕೇಳುವುದಿಲ್ಲ. ಚಂದಾ ವಸೂಲಿ ಮಾಡುವವನಿಂದ ನೂರಕ್ಕೆ 10ರಂತೆ ಪಾಲು ತೆಗೆದುಕೊಳ್ಳುತ್ತದೆ. ನಮ್ಮ ಅಜ್ಜಂದಿರು ಅಳೆದುಕೊಟ್ಟ ಗೇಣಿಯನ್ನು ಬಲ್ಲವರಿಗೆ ಇದು ಧರ್ಮದ ಗೇಣಿಯಂತೆಯೇ ಕಾಣಬಹುದು. ಆದರೆ ಹಣ ದಾಟಿಸುವ ಸ್ಟ್ರೈಪ್ ಎಂಬ ಇನ್ನೊಂದು ಕಂಪನಿ ನಡುವೆ ನಿಂತಿದೆ. ಅಮೆರಿಕದ ದರದಲ್ಲಿ ಅದು ಪ್ರತಿ ವಸೂಲಿಗೂ ನೂರಕ್ಕೆ 2.9ರಂತೆಯೂ ಅದರ ಮೇಲೆ 30 ಸೆಂಟನ್ನೂ, ಮರಳಿ ಮರಳಿ ಬರುವ ಚಂದಾ ಎಂಬ ಕಾರಣಕ್ಕೆ ಮತ್ತೆ ನೂರಕ್ಕೆ 0.7ರಂತೆಯೂ ಹಿಡಿದುಕೊಳ್ಳುತ್ತದೆ. ಓದುಗನೊಬ್ಬ ತಿಂಗಳಿಗೆ 5 ಡಾಲರು ಕೊಟ್ಟನೆನ್ನಿ. ಕಂಪನಿಗೆ 50 ಸೆಂಟು, ಸ್ಟ್ರೈಪಿಗೆ ಸುಮಾರು 48 ಸೆಂಟು. ಬರೆದವನ ಕೈಗೆ ಬರುವುದು 4 ಡಾಲರು 2 ಸೆಂಟು. ಹತ್ತರಲ್ಲಿ ಒಂದು ಪಾಲು ಎಂದು ಹೇಳಿದ್ದು ಐದರಲ್ಲಿ ಒಂದು ಪಾಲಾಯಿತು! ಅದೇ ಓದುಗ ವರ್ಷಕ್ಕೊಮ್ಮೆ 50 ಡಾಲರು ಕೊಟ್ಟರೆ ಕಳೆಯುವುದು 7 ಡಾಲರು 10 ಸೆಂಟು, ಅಂದರೆ ನೂರಕ್ಕೆ 14ರಷ್ಟು. ಸಣ್ಣ ಸಣ್ಣ ಕಂತುಗಳ ಮೇಲೆಯೇ 30 ಸೆಂಟಿನ ಹೊರೆ ಜಾಸ್ತಿ ಬೀಳುತ್ತದೆ. ಆದ್ದರಿಂದ ವಾರ್ಷಿಕ ಚಂದಾಕ್ಕೆ ಸ್ವಲ್ಪ ರಿಯಾಯಿತಿ ಕೊಟ್ಟಾದರೂ ಓದುಗನನ್ನು ಅದಕ್ಕೆ ಒಪ್ಪಿಸುವುದು ಲಾಭ. ಶಾಲೆಯ ಮಕ್ಕಳೂ ಮಾಡಬಹುದಾದ ಈ ಲೆಕ್ಕವನ್ನು ಬರಹಗಾರರು ಮಾಡುವುದಿಲ್ಲ. ಲೆಕ್ಕ ಮಾಡುವುದು ಸಾಹಿತಿಗೆ ಅವಮಾನವೆಂದು ಯಾರು ಕಲಿಸಿದರೋ ತಿಳಿಯದು.

ಇನ್ನೊಂದು ಬಗೆಯ ಸಂಸ್ಥೆಯೂ ಇದೆ. 2013ರಲ್ಲಿ ಜನರಿಂದ ಕೂಡಿಸಿದ ಹಣದಿಂದ ಆರಂಭವಾದ 'ಘೋಸ್ಟ್' ಲಾಭಕ್ಕಾಗಿ ನಡೆಯುವ ಕಂಪನಿಯಲ್ಲ. ಅದರ ತಂತ್ರಾಂಶ ಯಾರು ಬೇಕಾದರೂ ಬಳಸಿಕೊಳ್ಳಬಹುದಾದ ಮುಕ್ತ ತಂತ್ರಾಂಶ. ಚಂದಾದಲ್ಲಿ ಪಾಲು ಕೇಳುವುದಿಲ್ಲ. ತಿಂಗಳ ಬಾಡಿಗೆ ಕೇಳುತ್ತದೆ. ಎರಡರ ವ್ಯತ್ಯಾಸ ವಾರ ಮತ್ತು ಗುತ್ತಿಗೆಯ ವ್ಯತ್ಯಾಸದಂತೆ. ಬೆಳೆ ಕಡಿಮೆಯಿದ್ದಾಗ ವಾರವೇ ವಾಸಿ, ಏಕೆಂದರೆ ಬೆಳೆಯದಿದ್ದರೆ ಕೊಡಬೇಕಾದ್ದೂ ಇಲ್ಲ. ಸಾವಿರ ಮಂದಿ ತಿಂಗಳಿಗೆ 5 ಡಾಲರಿನಂತೆ ಕೊಡತೊಡಗಿದ ದಿನ ಮಾತ್ರ ನೂರಕ್ಕೆ 10ರ ಪಾಲು ವರ್ಷಕ್ಕೆ 6,000 ಡಾಲರು ಆಗುತ್ತದೆ. ಅಷ್ಟು ಹೊತ್ತಿಗೆ ಗಂಟುಮೂಟೆ ಕಟ್ಟುವುದನ್ನು ಕಲಿತಿರಬೇಕು.

ಈಗ ಪಹಣಿಯ ಮಾತು. 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ ನ್ಯಾಯಮಂಡಳಿಯ ಮುಂದೆ ಗೆದ್ದವರು ಯಾರು, ಸೋತವರು ಯಾರು ಎಂಬುದನ್ನು ನಮ್ಮ ಹಿರಿಯರು ಬಲ್ಲರು. ಮೂವತ್ತು ವರ್ಷ ಉತ್ತವನು ಸೋತದ್ದುಂಟು. ಅವನ ಬಳಿ ಇದ್ದದ್ದು ಬಾಯಿಮಾತು, ಚೀಟಿಯಲ್ಲ. ಇಮೇಲ್ ಪತ್ರಿಕೆಯಲ್ಲಿ ಪಹಣಿ ಎಂದರೆ ಚಂದಾದಾರರ ವಿಳಾಸಗಳ ಪಟ್ಟಿ. ಆ ಪಟ್ಟಿಯನ್ನು ಬರಹಗಾರನು ಯಾವಾಗ ಬೇಕಾದರೂ ತನ್ನ ಯಂತ್ರಕ್ಕೆ ಇಳಿಸಿಕೊಳ್ಳಬಹುದೆಂಬುದು ಸಬ್‌ಸ್ಟ್ಯಾಕಿನ ಒಳ್ಳೆಯ ಗುಣ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಎಷ್ಟು ಮಂದಿ ಇಳಿಸಿಕೊಳ್ಳುತ್ತಾರೆ? ತಿಂಗಳ ಮೊದಲ ದಿನ ಪಟ್ಟಿಯನ್ನು ಇಳಿಸಿ ಎರಡು ಕಡೆ ಇಟ್ಟುಕೊಳ್ಳುವವರು ನಮಗೆ ಗೊತ್ತಿದ್ದವರಲ್ಲಿ ಒಬ್ಬರೂ ಇರಲಿಲ್ಲ.

ಇದರ ಪೆಟ್ಟು ನಮಗೂ ಬಿದ್ದಿದೆ, ಆದ್ದರಿಂದ ಉಪದೇಶವೆಂದು ತಿಳಿಯಬೇಡಿ. ಪಕ್ಕದ ತಾಲ್ಲೂಕಿನಲ್ಲಿ ನಮ್ಮ ಪತ್ರಿಕೆಯ ಪ್ರತಿಗಳನ್ನು ಒಬ್ಬ ಏಜೆಂಟರು ಹಂಚುತ್ತಿದ್ದರು. ಚಂದಾ ಅವರೇ ಎತ್ತುತ್ತಿದ್ದರು, ಮನೆಗಳೂ ಅವರಿಗೇ ಗೊತ್ತು. ಅವರು ಒಂದು ದಿನ ಕೆಲಸ ಬಿಟ್ಟರು. ಆ ತಾಲ್ಲೂಕಿನಲ್ಲಿ ನಮ್ಮನ್ನು ಓದುತ್ತಿದ್ದವರ ಹೆಸರೂ ಬೀದಿಯೂ ನಮ್ಮ ಪುಸ್ತಕದಲ್ಲಿ ಇರಲಿಲ್ಲ. ಅವರನ್ನು ಮರಳಿ ಹುಡುಕಲು ಸೈಕಲ್ ತುಳಿದ ವರ್ಷದ ನೆನಪು ಇನ್ನೂ ಮಾಸಿಲ್ಲ. ಕೆಲವರು ಸಿಕ್ಕಲೇ ಇಲ್ಲ.

ದೊಡ್ಡ ದೇಶದ ದೊಡ್ಡ ಏಜೆಂಟರೂ ಹೀಗೆಯೇ ಕೆಲಸ ಬಿಡುತ್ತಾರೆ. ಟ್ವಿಟರ್ ಕಂಪನಿ 2021ರ ಜನವರಿಯಲ್ಲಿ 'ರೆವ್ಯೂ' ಎಂಬ ಇಮೇಲ್ ಪತ್ರಿಕೆಗಳ ಸಂಸ್ಥೆಯನ್ನು ಕೊಂಡಿತು, ಒಡೆಯ ಬದಲಾದ, 2023ರ ಜನವರಿ 18ರಂದು ಬಾಗಿಲು ಹಾಕಿತು. ಫೇಸ್‌ಬುಕ್ಕಿನವರು 2021ರ ಜೂನ್‌ನಲ್ಲಿ 'ಬುಲೆಟಿನ್' ಎಂದು ಡಂಗುರ ಹೊಡೆದು ಆರಂಭಿಸಿದ್ದನ್ನು ಎರಡು ವರ್ಷವೂ ನಡೆಸಲಿಲ್ಲ. ಹವ್ಯಾಸಿಗಳಿಗೆ ಅಚ್ಚುಮೆಚ್ಚಾಗಿದ್ದ 'ಟೈನಿಲೆಟರ್' 2024ರ ಫೆಬ್ರವರಿ 29ರಂದು ಮುಚ್ಚಿತು. ಬರಹಗಾರರು ತಪ್ಪು ಮಾಡಿದ್ದರಿಂದ ಇವು ಮುಚ್ಚಲಿಲ್ಲ. ಇವುಗಳ ಲಾಭನಷ್ಟದ ಪುಸ್ತಕದಲ್ಲಿ ಬರಹಗಾರರ ಲೆಕ್ಕವೇ ಇರಲಿಲ್ಲ.

ಸಬ್‌ಸ್ಟ್ಯಾಕ್ ನಾಳೆ ಮುಚ್ಚುತ್ತದೆಂದು ನಾವು ಹೇಳುತ್ತಿಲ್ಲ. 2025ರ ಮಾರ್ಚಿನಲ್ಲಿ ತನ್ನಲ್ಲಿ 50 ಲಕ್ಷ ಹಣ ಕೊಟ್ಟ ಚಂದಾಗಳಿವೆಯೆಂದು ಅದು ಹೇಳಿಕೊಂಡಿತು. ಅದೇ ವರ್ಷ ಜುಲೈನಲ್ಲಿ ಬಂಡವಾಳಗಾರರಿಂದ 10 ಕೋಟಿ ಡಾಲರು ಎತ್ತಿತು. ಹಾಕಿದವನು ಹಾಕಿದ್ದನ್ನು ಹಲವು ಪಟ್ಟು ಮಾಡಿ ಕೇಳುತ್ತಾನೆ. ಅದು ಅವನ ಜಾತಿಧರ್ಮ. ಇಂದಿನ 10 ನಾಳೆ 15 ಆಗುವುದಿಲ್ಲವೆಂದು ಯಾವ ಮುಚ್ಚಳಿಕೆ ಇದೆ? ಆ ದಿನ ಹೊರಡಲು ದಾರಿಯಿರುವವನು ಮಾತ್ರ ಒಡೆಯನೊಡನೆ ಕುಳಿತು ಮಾತನಾಡಬಲ್ಲ. ಅಮೆರಿಕದ 'ಪ್ಲಾಟ್‌ಫಾರ್ಮರ್' ಪತ್ರಿಕೆ ಇದನ್ನು ಮಾಡಿ ತೋರಿಸಿತು. ಸಬ್‌ಸ್ಟ್ಯಾಕಿನಲ್ಲಿ ನಾಜಿ ಮತದ ಪತ್ರಿಕೆಗಳಿಗೂ ಆಸರೆಯಿದೆ, ಕಂಪನಿ ಅವುಗಳಿಂದಲೂ ಪಾಲು ಪಡೆಯುತ್ತಿದೆ ಎಂಬ ವಿವಾದ 2023ರ ಕೊನೆಯಲ್ಲಿ ಎದ್ದಾಗ, ಅದರ ಸಂಪಾದಕರು 2024ರ ಜನವರಿಯಲ್ಲಿ ಚಂದಾದಾರರ ಪಟ್ಟಿಯೊಡನೆ ಘೋಸ್ಟ್‌ಗೆ ಎದ್ದು ಹೋದರು. ಪಟ್ಟಿ ಕೈಯಲ್ಲಿದ್ದದ್ದರಿಂದ ತತ್ವವೂ ಕೈಯಲ್ಲಿ ಉಳಿಯಿತು.

ಇಲ್ಲಿ ಒಂದು ಮೋಸದ ಗುಂಡಿಯಿದೆ. 2023ರ ಏಪ್ರಿಲ್‌ನಲ್ಲಿ ಸಬ್‌ಸ್ಟ್ಯಾಕ್ 'ನೋಟ್ಸ್' ಎಂಬ ಹರಟೆಕಟ್ಟೆಯನ್ನು ಆರಂಭಿಸಿತು. ಅಲ್ಲಿ ನಿಮ್ಮ ಹಿಂದೆ ಬರುವವರು 'ಅನುಯಾಯಿ'ಗಳು, ಅವರು ಚಂದಾದಾರರಲ್ಲ. ಚಂದಾದಾರನ ವಿಳಾಸ ನಿಮ್ಮ ಪಟ್ಟಿಯಲ್ಲಿರುತ್ತದೆ, ಅನುಯಾಯಿಯದು ಕಂಪನಿಯ ಬಳಿಯಲ್ಲೇ ಉಳಿಯುತ್ತದೆ. ಎರಡು ಸಾವಿರ ಅನುಯಾಯಿಗಳೆಂದು ಹಿಗ್ಗುವ ತರುಣನು ಮನೆ ಖಾಲಿ ಮಾಡುವ ದಿನ ಅವರಲ್ಲಿ ಒಬ್ಬನನ್ನೂ ಜೊತೆಗೆ ಕರೆದೊಯ್ಯಲಾರ. ಹರಟೆಕಟ್ಟೆಗೆ ಹೋಗಬಾರದೆಂದಲ್ಲ. ಜಾತ್ರೆಯಲ್ಲಿ ಕರಪತ್ರ ಹಂಚುತ್ತೇವಲ್ಲವೇ? ಹಾಗೆಯೇ ಹೋಗಿ, ವಿಳಾಸ ಬರೆಸಿಕೊಂಡು ಬನ್ನಿ. ನೋಟ್ಸ್ ಹೊರಬಂದ ವಾರವೇ ಟ್ವಿಟರ್, ಸಬ್‌ಸ್ಟ್ಯಾಕಿನ ಕೊಂಡಿಯಿರುವ ಮಾತುಗಳಿಗೆ ಮೆಚ್ಚುಗೆ ಒತ್ತುವುದನ್ನೂ ಮರುಹಂಚುವುದನ್ನೂ ಕೆಲದಿನ ತಡೆದಿತ್ತು. ಎರಡು ಆನೆಗಳ ಜಗಳದಲ್ಲಿ ತುಳಿತಕ್ಕೆ ಸಿಕ್ಕಿದ್ದು ಬರೆಯುವವರು. ತಮ್ಮದೇ ಹೆಸರಿನ ಜಾಲವಿಳಾಸ ಕೊಂಡಿದ್ದವರಿಗೆ ಇಂಥಲ್ಲಿ ಕಾಲೂರಲು ನೆಲವಿರುತ್ತದೆ; ಸಬ್‌ಸ್ಟ್ಯಾಕಿನಲ್ಲಿ ಅಂಥ ವಿಳಾಸವನ್ನು ಜೋಡಿಸಲು ಒಮ್ಮೆ 50 ಡಾಲರು ಕಟ್ಟಬೇಕು. ಒಂದು ಪಂಪ್‌ಸೆಟ್ ರಿಪೇರಿಯ ಖರ್ಚು.

ಕೊಳಗದ ಮಾತಿಗೆ ಬರೋಣ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ರೈತರು ಎದ್ದುನಿಂತದ್ದು ಗೇಣಿ ಕೊಡುವುದಿಲ್ಲವೆಂದಲ್ಲ. ಗೇಣಿ ಅಳೆಯುವ ಕೊಳಗ ದೊಡ್ಡದಾಗಿತ್ತು. ಆ ಕೊಳಗ ಒಡೆಯನದಾಗಿತ್ತು. ಇಂದಿನ ಬರಹಗಾರನ ಬೆಳೆಯನ್ನೂ ಇನ್ನೊಬ್ಬರ ಕೊಳಗವೇ ಅಳೆಯುತ್ತಿದೆ. ಪತ್ರವನ್ನು ನೂರಕ್ಕೆ ಎಷ್ಟು ಮಂದಿ ತೆರೆದರು ಎಂಬ ಅಂಕಿಯನ್ನು ಕಂಪನಿ ದಿನವೂ ತೋರಿಸುತ್ತದೆ. ಆದರೆ 2021ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿ ತನ್ನ ಮೇಲ್ ವ್ಯವಸ್ಥೆಯಲ್ಲಿ ಓದುಗನ ಗುಟ್ಟು ಕಾಯಲೆಂದು ಒಂದು ಬದಲಾವಣೆ ತಂದಿತು. ಅಂದಿನಿಂದ ಮನುಷ್ಯ ತೆರೆಯದಿದ್ದರೂ ಯಂತ್ರವೇ ಪತ್ರದೊಳಗಿನ ಚಿತ್ರಗಳನ್ನು ಮೊದಲೇ ತರಿಸಿಕೊಳ್ಳುವುದರಿಂದ, ಓದದ ಪತ್ರವೂ ಓದಿದಂತೆ ಲೆಕ್ಕಕ್ಕೆ ಬೀಳುತ್ತದೆ. ಈ ಅಂಕಿಯನ್ನು ನಂಬಿ ಕೆಲಸ ಬಿಟ್ಟು ಮನೆಯಲ್ಲಿ ಕುಳಿತವನ ಗತಿಯೇನು? ಉಚಿತವಾಗಿ ಓದುವವರಲ್ಲಿ ನೂರಕ್ಕೆ 5ರಿಂದ 10 ಮಂದಿ ಹಣ ಕೊಡುವರೆಂಬುದು ಕಂಪನಿಯ ಮಾತು. ನಮ್ಮ ಸಲಹೆ: 2 ಎಂದು ಹಿಡಿದು ಸಂಸಾರದ ಲೆಕ್ಕ ಹಾಕಿ. 5 ಬಂದರೆ ಹಬ್ಬ ಮಾಡಿ. ನಿಮಗೆ ಮರಳಿ ಪತ್ರ ಬರೆದವರು ಎಷ್ಟು ಮಂದಿ, ಎರಡನೆಯ ವರ್ಷ ಚಂದಾ ನವೀಕರಿಸಿದವರು ಎಷ್ಟು ಮಂದಿ, ಈ ಎರಡು ಅಂಕಿಗಳನ್ನು ನಿಮ್ಮದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಕೊಳಗ ನಿಮ್ಮದು.

ಮುಂಗಡದ ಆಮಿಷವನ್ನೂ ಹೇಳಬೇಕು. 2021ರ ಸುಮಾರಿಗೆ ಸಬ್‌ಸ್ಟ್ಯಾಕ್ ಆಯ್ದ ಕೆಲವರಿಗೆ ಒಂದು ವರ್ಷಕ್ಕೆ ಮುಂಗಡ ಹಣ ಕೊಟ್ಟು, ಆ ವರ್ಷದ ಚಂದಾದಲ್ಲಿ ನೂರಕ್ಕೆ 85 ತಾನು ಇಟ್ಟುಕೊಂಡಿತು. ಯಾರು ಯಾರಿಗೆ ಎಷ್ಟು ಎಂಬುದನ್ನು ಪೂರ್ತಿಯಾಗಿ ಹೊರಗೆಡಹಲಿಲ್ಲ. ಅವರ ಏಳಿಗೆಯನ್ನು ನೋಡಿ, ಕೈಯಿಂದ ಖರ್ಚು ಮಾಡಿಕೊಂಡು ಬಂದ ಸಾಮಾನ್ಯನು ತನಗೂ ಹಾಗೆಯೇ ಆಗುವುದೆಂದು ಎಣಿಸಿದ. ನಾಟಕ ಕಂಪನಿಯ ಮಾಲೀಕ ಮುಂದಿನ ಸಾಲಿನಲ್ಲಿ ತನ್ನವರನ್ನೇ ಕೂರಿಸಿ ಚಪ್ಪಾಳೆ ಹೊಡೆಸುತ್ತಿದ್ದನೆಂದು ಕೇಳಿದ್ದೇವೆ. ಅದಕ್ಕಿಂತ ಇದು ಬಹಳ ಬೇರೆಯಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಎರಡು ವಿಶೇಷ ತೊಡಕುಗಳಿವೆ. ಒಂದು, ಹಣ ದಾಟಿಸುವುದು. ಸ್ಟ್ರೈಪ್ ಕಂಪನಿ 2024ರಲ್ಲಿ ಭಾರತದ ಹೊಸ ಖಾತೆಗಳನ್ನು ತಾನು ಆಹ್ವಾನಿಸಿದವರಿಗೆ ಮಾತ್ರ ಎಂದು ಬಿಗಿಮಾಡಿತು. ಸಬ್‌ಸ್ಟ್ಯಾಕಿನಲ್ಲಿ ಚಂದಾ ಎತ್ತಲು ಸ್ಟ್ರೈಪೇ ದಾರಿ. ಅಂದರೆ ಹಾವೇರಿಯಲ್ಲೋ ಕೊಪ್ಪಳದಲ್ಲೋ ಕುಳಿತ ಲೇಖಕನಿಗೆ ಅಲ್ಲಿ ಉಚಿತವಾಗಿ ಬರೆಯಲು ಬಾಗಿಲು ತೆರೆದಿದೆ, ಕಾಸು ಎಣಿಸಿಕೊಳ್ಳಲು ಕಿಟಕಿ ಮುಚ್ಚಿದೆ. ಪ್ರತಿ ತಿಂಗಳು ತಾನಾಗಿಯೇ ಹಣ ಕಡಿತವಾಗುವ ವ್ಯವಸ್ಥೆಗೂ ರಿಜರ್ವ್ ಬ್ಯಾಂಕು 2021ರ ಅಕ್ಟೋಬರ್ 1ರಿಂದ ಕಟ್ಟುಪಾಡು ಹಾಕಿತು. ಕಡಿತಕ್ಕೆ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕು. ಆಗ ಎಷ್ಟೋ ಚಂದಾಗಳು ಹರಿದುಹೋದವು. ಗ್ರಾಹಕನ ರಕ್ಷಣೆಯ ಈ ನಿಯಮವನ್ನು ನಾವು ವಿರೋಧಿಸುವುದಿಲ್ಲ. ಇದಕ್ಕೆ ನಮಗೆ ಕಾಣುವ ಮದ್ದು ಹಳೆಯದೇ: ವಾರ್ಷಿಕ ಚಂದಾವನ್ನು ಯುಪಿಐ ಮೂಲಕ ನೇರವಾಗಿ ಪಡೆದು, ರಸೀದಿ ಕೊಟ್ಟು, ಹೆಸರನ್ನು ಕೈಯಾರೆ ಪಟ್ಟಿಗೆ ಸೇರಿಸಿಕೊಳ್ಳುವುದು. ಇನ್ನೂರು ಚಂದಾದಾರರ ತನಕ ಒಬ್ಬನೇ ಇದನ್ನು ನಿಭಾಯಿಸಬಲ್ಲ. ಆಚೆಗೆ ಜೊತೆಯವರು ಬೇಕು.

ಎರಡನೆಯ ತೊಡಕು ವಿಚಿತ್ರವಾದುದು. ಜಿಮೇಲ್, ಸುಮಾರು 102 ಕಿಲೋಬೈಟು ಮೀರಿದ ಪತ್ರವನ್ನು ನಡುವೆಯೇ ಕತ್ತರಿಸಿ, ಉಳಿದದ್ದನ್ನು ಬೇಕಾದರೆ ಒತ್ತಿ ನೋಡಿ ಎನ್ನುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ಒತ್ತು, ದೀರ್ಘ, ಸೊನ್ನೆಗಳೂ ಪ್ರತ್ಯೇಕ ಸಂಕೇತಗಳೇ. 'ಕ್ರಾಂತಿ' ಎಂದು ಬರೆದರೆ ಏಳು ಸಂಕೇತ, 21 ಬೈಟು. ಇಂಗ್ಲಿಷಿನಲ್ಲಿ ಅದೇ ಮಾತು 10ರಲ್ಲಿ ಮುಗಿಯುತ್ತದೆ. (ಕನ್ನಡದಲ್ಲಿ ಕ್ರಾಂತಿ ತಡವಾಗಲು ಇದೇ ಕಾರಣವೆಂದು ಯಾರೂ ವಾದಿಸದಿರಲಿ.) ಆದ್ದರಿಂದ ಉದ್ದ ಬರೆಯುವ ನಮ್ಮವರು ಎರಡು ಸಾವಿರ ಪದ ಮೀರಿದರೆ, ಮೇಲೆ ಅಲಂಕಾರದ ಚೌಕಟ್ಟುಗಳನ್ನೂ ಸೇರಿಸಿದರೆ, ಲೇಖನದ ತುದಿ ಓದುಗನಿಗೆ ಕಾಣದೇ ಹೋಗಬಹುದು. ಅಲಂಕಾರ ಬಿಡಿ, ಮುಖ್ಯ ಮಾತನ್ನು ಕೊನೆಗೆ ಉಳಿಸಬೇಡಿ.

ಬೆಳವಣಿಗೆ ಎಂದೊಡನೆ ಪತ್ರ ತಲುಪುವ ಪ್ರಶ್ನೆ ಬರುತ್ತದೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ, ದೊಡ್ಡ ಸಂಖ್ಯೆಯಲ್ಲಿ ಪತ್ರ ಕಳುಹಿಸುವವರಿಗೆ ಕಟ್ಟಳೆ ವಿಧಿಸಿವೆ. ಗೂಗಲ್ ದಿನಕ್ಕೆ 5,000 ಪತ್ರ ಮುಟ್ಟಿದವರನ್ನು ದೊಡ್ಡವರೆನ್ನುತ್ತದೆ. ಕಳುಹಿಸಿದವನು ತಾನೇ ಎಂಬ ದೃಢೀಕರಣವಿರಬೇಕು, ಒಂದೇ ಒತ್ತಿನಲ್ಲಿ ಚಂದಾ ಬಿಡಲು ಅವಕಾಶವಿರಬೇಕು, ಕಾಟದ ಪತ್ರವೆಂದು ದೂರುವವರು ಸಾವಿರಕ್ಕೆ 3ರಷ್ಟನ್ನು ಮುಟ್ಟಬಾರದು. ಆದುದರಿಂದ ಮದುವೆಯ ಕರೆಯೋಲೆಗೆ ಬರೆದಿಟ್ಟ ವಿಳಾಸಗಳನ್ನೆಲ್ಲ ಕೇಳದೆ ಪಟ್ಟಿಗೆ ಸುರಿಯುವ ಅಭ್ಯಾಸ ನಿಲ್ಲಬೇಕು. ಬೇಡವೆಂದವನನ್ನು ಸಂತೋಷದಿಂದ ಬಿಡಿ. ಆರು ತಿಂಗಳು ಸದ್ದಿಲ್ಲದವನಿಗೆ ಒಂದು ಸಾಲು ಬರೆದು ಕೇಳಿ. ಉತ್ತರವಿಲ್ಲದಿದ್ದರೆ ಹೆಸರು ಹೊಡೆಯಿರಿ. ಒಪ್ಪಿ ಬಂದ ಮುನ್ನೂರು ಮಂದಿ, ಒಪ್ಪದೆ ಸೇರಿಸಿದ ಮೂರು ಸಾವಿರಕ್ಕಿಂತ ಹೆಚ್ಚು ಕಾಲ ಉಳಿಯುತ್ತಾರೆ.

ಬರವಣಿಗೆಯ ಸಿದ್ಧತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಾರ ತಪ್ಪಿಸದಿರಲು ಆರು ಲೇಖನ ಮುಂಚಿತವಾಗಿ ಪೆಟ್ಟಿಗೆಯಲ್ಲಿರಲಿ. ಜ್ವರ, ಮಳೆ, ಚುನಾವಣೆ ಎಲ್ಲವೂ ಬರುತ್ತವೆ.

ಉಳಿದದ್ದು ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಪ್ರಶ್ನೆ. ಈ ವ್ಯವಸ್ಥೆ ಬರಹಗಾರನನ್ನು ಒಂಟಿ ಅಂಗಡಿಕಾರನನ್ನಾಗಿ ಮಾಡುತ್ತದೆ. ತಿದ್ದುವ ಸಂಪಾದಕನಿಲ್ಲ, ಕಾಯಿಲೆ ಬಿದ್ದರೆ ರಜೆಯಿಲ್ಲ, ಮಾನನಷ್ಟದ ನೋಟೀಸು ಬಂದ ದಿನ ಪಕ್ಕದಲ್ಲಿ ನಿಲ್ಲುವ ಸಂಸ್ಥೆಯಿಲ್ಲ. ಹಣ ಕೊಟ್ಟವನೇ ಓದಬೇಕೆಂಬ ಬೇಲಿ ಹಾಕಿದರೆ ಬೀಡಿ ಕಟ್ಟುವ ಹೆಣ್ಣುಮಗಳ ಮಗ ಓದುವುದು ಹೇಗೆ? ಇದಕ್ಕೆ ಉತ್ತರಗಳು ಆ ದೇಶದಲ್ಲಿಯೇ ಹುಟ್ಟಿವೆ ಎಂಬುದು ಸಂತೋಷದ ಸಂಗತಿ. ಇತಿಹಾಸದ ಪ್ರಾಧ್ಯಾಪಕಿ ಹೆದರ್ ಕಾಕ್ಸ್ ರಿಚರ್ಡ್‌ಸನ್ 2019ರಿಂದ ಬರೆಯುತ್ತಿರುವ ಪತ್ರಗಳನ್ನು ಎಲ್ಲರಿಗೂ ಉಚಿತವಾಗಿಯೇ ಕಳುಹಿಸುತ್ತಾರೆ. ಶಕ್ತಿಯಿದ್ದವರು ಹಣ ಕೊಟ್ಟು ನಡೆಸುತ್ತಾರೆ. 2019ರಲ್ಲಿ 'ಡೆಡ್‌ಸ್ಪಿನ್' ಎಂಬ ಕ್ರೀಡಾ ಪತ್ರಿಕೆಯ ಹೊಸ ಮಾಲೀಕರು, ಆಟ ಬಿಟ್ಟು ಬೇರೆ ಮಾತು ಬರೆಯಕೂಡದೆಂದು ಅಪ್ಪಣೆ ಮಾಡಿದರು. ಅದನ್ನು ಪ್ರತಿಭಟಿಸಿ ಬರಹಗಾರರು ಸಾಲುಸಾಲಾಗಿ ರಾಜೀನಾಮೆ ಕೊಟ್ಟರು. ಮರುವರ್ಷ ಅವರೇ ಕೂಡಿ 'ಡಿಫೆಕ್ಟರ್' ಆರಂಭಿಸಿದರು. ಅಲ್ಲಿ ದುಡಿಯುವವರೇ ಒಡೆಯರು; ಓದುಗನ ಚಂದಾವೇ ಮುಖ್ಯ ಆದಾಯ. 2023ರಲ್ಲಿ ನಾಲ್ವರು ಪತ್ರಕರ್ತರು ಕೂಡಿ '404 ಮೀಡಿಯಾ' ಕಟ್ಟಿದರು. ಕೂಡಿ ಉಳುವ ಹೊಲದಲ್ಲಿ ಒಬ್ಬನಿಗೆ ಜ್ವರ ಬಂದರೂ ನಾಟಿ ನಿಲ್ಲುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇಂಥ ಉಮೇದಿರುವವರು ಐದಾರು ಮಂದಿಯಿದ್ದಾರೆ. ಒಬ್ಬರು ಕೃಷಿಯ ಬಗ್ಗೆ, ಒಬ್ಬರು ಜಿಲ್ಲಾ ಪಂಚಾಯತಿಯ ಲೆಕ್ಕಪತ್ರಗಳ ಬಗ್ಗೆ, ಒಬ್ಬ ಸೋದರಿ ಗಾರ್ಮೆಂಟ್ಸ್ ಕೆಲಸದ ಬಗ್ಗೆ ಬರೆಯುತ್ತಾರೆ. ಐದು ಪಟ್ಟಿಗಳ ಬದಲು ಒಂದು ಪಟ್ಟಿ, ಐದು ಚಂದಾಗಳ ಬದಲು ಒಂದು ಚಂದಾ, ಒಬ್ಬರ ಬರಹವನ್ನು ಇನ್ನೊಬ್ಬರು ತಿದ್ದುವ ಏರ್ಪಾಡು, ವಕೀಲರ ಖರ್ಚಿಗೆ ತಿಂಗಳಿಗಿಷ್ಟು ಎಂದು ತೆಗೆದಿಡುವ ಒಂದು ಡಬ್ಬಿ, ಇಷ್ಟನ್ನು ಕುಳಿತು ಮಾತನಾಡಬಹುದು. ತಾಲ್ಲೂಕು ಗ್ರಂಥಾಲಯಗಳಿಗೆ ಮುದ್ರಿಸಿದ ಪ್ರತಿ ಉಚಿತವಾಗಿ ಹೋಗಬೇಕೆಂಬುದು ನಮ್ಮ ಒಂದೇ ಷರತ್ತು. ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಕಾರ್ಯಾಲಯದ ಮಹಡಿಯಲ್ಲಿ ಸೇರೋಣ. ಬರುವವರು ತಮ್ಮ ಚಂದಾದಾರರ ಪಟ್ಟಿಯನ್ನು ಇಳಿಸಿಕೊಂಡು ತರಬೇಕು. ನಮ್ಮ ಪತ್ರಿಕೆಯ ಚಂದಾ ಪುಸ್ತಕವೂ, ಅದರ ಹರಿದ ಹಾಳೆಗಳ ಸಹಿತ, ಮೇಜಿನ ಮೇಲಿರುತ್ತದೆ.